ಬ್ರಿಡ್ಜ್ ಕೋರ್ಸ್: ಯಾರಿಗೆ ಬೇಕು, ಯಾವಾಗ ಓದಬೇಕು

ಎಂಜಿನಿಯರಿಂಗ್ ಸೇರಿದ ಮಕ್ಕಳ ಮೊದಲ ಇಂಟರ್ನಲ್ಸ್ ಅಂಕ ಕೈಗೆ ಬರುವ ಹೊತ್ತಿಗೆ ಕ್ಲಾಸು ಶುರುವಾಗಿ ಹಲವು ವಾರ ಕಳೆದಿರುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಶಾಲೆಗೇ ಮೊದಲು ಬಂದಿದ್ದ ಹುಡುಗಿಗೆ ಗಣಿತದಲ್ಲಿ ಒಂದಂಕಿ. ಡಿಪ್ಲೊಮಾದಲ್ಲಿ ಡಿಸ್ಟಿಂಕ್ಷನ್ ತೆಗೆದ ಹುಡುಗನಿಗೂ ಅಷ್ಟೇ. ರಾತ್ರಿ ಹಾಸ್ಟೆಲಿನಿಂದ ಫೋನು: “ಅಪ್ಪಾ, ಇದು ನನ್ನ ಕೈಲಿ ಆಗಲ್ಲ.” ಆ ಕಡೆಯ ಉತ್ತರ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಒಂದೇ: “ಇನ್ನೂ ಸ್ವಲ್ಪ ಜಾಸ್ತಿ ಓದು ಮಗಾ.”

ಬರೀ ಜಾಸ್ತಿ ಓದಿದರೆ ಇದು ಸರಿಹೋಗುವುದು ಅಪರೂಪ. ಕಾಲೇಜಿನ ಪಾಠ ತಲೆಗೆ ಹತ್ತದಿರಲು ಕಾರಣ ಎಷ್ಟೋ ಸಲ ಆ ಪಾಠದೊಳಗೆ ಇರುವುದೇ ಇಲ್ಲ. ಒಂಬತ್ತು, ಹತ್ತು, ಪಿಯುಸಿಯಲ್ಲಿ ಬಿಟ್ಟುಹೋದ ನಾಲ್ಕಾರು ಸಂಗತಿಗಳಲ್ಲಿ ಅದು ಅಡಗಿರುತ್ತದೆ. ಅವನ್ನು ಹುಡುಕಿ ತುಂಬಿಕೊಡಲೆಂದೇ ಇರುವ ತರಗತಿಗಳಿಗೆ ನಮ್ಮಲ್ಲಿ ಬ್ರಿಡ್ಜ್ ಕೋರ್ಸ್, ರೆಮೆಡಿಯಲ್ ಕ್ಲಾಸ್ ಎಂದೆಲ್ಲ ಹೆಸರು. ಶಿಕ್ಷಣ ಇಲಾಖೆಯ ಮಾತಿನಲ್ಲಿ ಪರಿಹಾರ ಬೋಧನೆ. ಅಮೆರಿಕದಲ್ಲಿ ಡೆವಲಪ್‌ಮೆಂಟಲ್ ಕೋರ್ಸ್. ಇವುಗಳ ಬಗ್ಗೆ ಮಕ್ಕಳಿಗೂ ಮನೆಯವರಿಗೂ ಸರಿಯಾದ ಮಾಹಿತಿ ಇಲ್ಲದೆ ಒಳ್ಳೊಳ್ಳೆಯ ಮಕ್ಕಳು ಮೊದಲ ವರ್ಷದಲ್ಲೇ ಕೈಚೆಲ್ಲುವುದನ್ನು ನೋಡಿದರೆ ಸಂಕಟವಾಗುತ್ತದೆ. ಅದಕ್ಕಾಗಿಯೇ ಈ ಬರಹ.

ಯಾರಿಗೆ ಬೇಕಾಗುತ್ತದೆ

ಮೊದಲಿಗೆ ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನ ಅಥವಾ ಎಂಜಿನಿಯರಿಂಗ್ ಕಡೆ ಹೋದವರು. ಒಂದರಿಂದ ಹತ್ತರವರೆಗೆ ಕನ್ನಡದಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ 5ರಷ್ಟು ಮೀಸಲಿದೆ, ಗ್ರಾಮೀಣ ಮಕ್ಕಳಿಗೆ ಶೇ 15. ಜೆಇಇ ಮೇನ್ ಅನ್ನು 2021ರಿಂದ ಕನ್ನಡದಲ್ಲೂ ಬರೆಯಬಹುದು. ಒಳಗೆ ಕಾಲಿಡುವ ಬಾಗಿಲಿನವರೆಗೆ ಕನ್ನಡ ಇದೆ; ಬಾಗಿಲು ದಾಟಿದ ಮರುಗಳಿಗೆಯಿಂದ ಪಾಠ, ಪುಸ್ತಕ, ಪರೀಕ್ಷೆ ಹೆಚ್ಚುಕಡಿಮೆ ಎಲ್ಲವೂ ಇಂಗ್ಲಿಷು. ಸೈನ್ಸ್ ಪಿಯುಸಿಯೂ ನಮ್ಮಲ್ಲಿ ಬಹುತೇಕ ಇಂಗ್ಲಿಷಿನಲ್ಲೇ ನಡೆಯುವುದರಿಂದ ಕೆಲವು ಮಕ್ಕಳು ಆ ಎರಡು ವರ್ಷವನ್ನು ಬಾಯಿಪಾಠದ ಬಲದಿಂದ ದಾಟಿರುತ್ತಾರೆ. ಹಾಗಾಗಿ ಇಲ್ಲಿ ಹೇಳುವ ಮಾತು ಫಸ್ಟ್ ಪಿಯುಸಿ ಸೇರುವವರಿಗೂ ಅನ್ವಯಿಸುತ್ತದೆ.

ಎರಡನೆಯವರು ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಬಿಇ ಮೂರನೇ ಸೆಮಿಸ್ಟರಿಗೆ ಬರುವ ಲ್ಯಾಟರಲ್ ಎಂಟ್ರಿ ವಿದ್ಯಾರ್ಥಿಗಳು. ಪಿಯುಸಿಯಲ್ಲಿ ಗಣಿತ ತೆಗೆದುಕೊಳ್ಳದೆ ಬಿಸಿಎ ಸೇರಿದವರು, ಓದು ಬಿಟ್ಟು ಎರಡು ಮೂರು ವರ್ಷ ದುಡಿದು ಮತ್ತೆ ಕಾಲೇಜಿಗೆ ಬಂದವರು ಕೂಡ ಇದೇ ಸಾಲಿನವರು. ಇವರಲ್ಲಿ ಯಾರೂ ದಡ್ಡರಲ್ಲ. ಬಂದ ದಾರಿ ಬೇರೆ, ಆ ದಾರಿಯಲ್ಲಿ ಕೆಲವು ಪಾಠಗಳು ಸಿಗಲಿಲ್ಲ, ಅಷ್ಟೇ. ಡಿಪ್ಲೊಮಾದವರಂತೂ ಲ್ಯಾಬು, ವರ್ಕ್‌ಶಾಪು, ಡ್ರಾಯಿಂಗ್‌ಗಳಲ್ಲಿ ಪಿಯುಸಿಯಿಂದ ಬಂದವರಿಗಿಂತ ಎಷ್ಟೋ ಮುಂದಿರುತ್ತಾರೆ.

ಸೊನ್ನೆ ಕ್ರೆಡಿಟ್ಟಿನ ವಿಷಯ

ಡಿಪ್ಲೊಮಾದವರ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಬ್ರಿಡ್ಜ್ ಕೋರ್ಸಿನ ಉಪಯೋಗ, ಅಪಾಯ ಎರಡೂ ಇಲ್ಲಿ ಚೆನ್ನಾಗಿ ಕಾಣುತ್ತವೆ. ಇವರು ಬಿಇ ಮೊದಲ ವರ್ಷವನ್ನು ಓದುವುದಿಲ್ಲ. ಡಿಪ್ಲೊಮಾದಲ್ಲಿ ಕಲಿತ ಗಣಿತ ಆರಂಭದ ಸೆಮಿಸ್ಟರುಗಳಲ್ಲೇ ಮುಗಿದುಹೋಗಿರುತ್ತದೆ. ಆ ಅಂತರ ತುಂಬಲೆಂದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಹಳ ಕಾಲದಿಂದ ಪ್ರತ್ಯೇಕ ಗಣಿತ ಪತ್ರಿಕೆಗಳನ್ನು ಇಟ್ಟುಕೊಂಡು ಬಂದಿದೆ. ಕೋರ್ಸ್ ಕೋಡಿನಿಂದಾಗಿ ವಿದ್ಯಾರ್ಥಿಗಳ ಬಾಯಲ್ಲಿ ಅದು ‘ಮ್ಯಾಟ್‌ಡಿಪ್’. 2018ರ ಸ್ಕೀಮಿನಲ್ಲಿ ಇದು ಮೂರನೇ ಸೆಮಿಸ್ಟರಿಗೆ ಅಡಿಷನಲ್ ಮ್ಯಾಥಮೆಟಿಕ್ಸ್ ಒಂದು, ನಾಲ್ಕನೆಯದಕ್ಕೆ ಎರಡು ಎಂದು ಬಂತು. ಇಂಟರ್ನಲ್ಸ್ 40, ಪರೀಕ್ಷೆ 60, ಒಟ್ಟು 100 ಅಂಕ. ಕ್ರೆಡಿಟ್ ಮಾತ್ರ ಸೊನ್ನೆ.

ಈ ಸೊನ್ನೆಯನ್ನು ನೋಡಿಯೇ ಹುಡುಗರು ಎಡವುವುದು. ಸಿಜಿಪಿಎಗೆ ಸೇರುವುದಿಲ್ಲ, ಇದು ಬಾಕಿ ಇದ್ದರೂ ಮುಂದಿನ ವರ್ಷಕ್ಕೆ ಹೋಗಲು ಅಡ್ಡಿ ಇಲ್ಲ, ಅಂದಮೇಲೆ ಆಮೇಲೆ ನೋಡಿಕೊಂಡರಾಯಿತು ಎಂಬ ಲೆಕ್ಕಾಚಾರ. ಸೀನಿಯರುಗಳೂ ಹಾಗೇ ಹೇಳಿಕೊಡುತ್ತಾರೆ. ಆದರೆ ಅದೇ ನಿಯಮದ ಇನ್ನೊಂದು ಸಾಲು ಹೇಳುವುದೇನೆಂದರೆ, ಈ ಪತ್ರಿಕೆಗಳನ್ನು ಪಾಸು ಮಾಡದೆ ಪದವಿ ಕೊಡುವುದಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ, ಕ್ಯಾಂಪಸ್ ಸೆಲೆಕ್ಷನ್ ಆಗಿ ಆಫರ್ ಲೆಟರ್ ಕೈಲಿದ್ದಾಗ, ಮೂರನೇ ಸೆಮಿಸ್ಟರಿನ ಈ ಒಂದು ಪತ್ರಿಕೆ ಕಾಲು ಹಿಡಿದು ಎಳೆಯುತ್ತದೆ.

ಪಾಸಾಗುವ ಮಾತು ಹಾಗಿರಲಿ, ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. 2018ರ ಸ್ಕೀಮಿನ ಮೂರನೇ ಸೆಮಿಸ್ಟರಿನಲ್ಲಿ ಎಲ್ಲರ ಜೊತೆ ಕೂತು ಓದಬೇಕಾಗಿದ್ದ ಮುಖ್ಯ ಗಣಿತ ಪತ್ರಿಕೆಯ ಮೊದಲ ಮಾಡ್ಯೂಲೇ ಲಾಪ್ಲಾಸ್ ಟ್ರಾನ್ಸ್‌ಫಾರ್ಮ್ ಆಗಿತ್ತು. ಅದರ ವ್ಯಾಖ್ಯೆಯೇ ಒಂದು ಇಂಟಿಗ್ರಲ್. ಎರಡನೇ ಮಾಡ್ಯೂಲು ಫೋರಿಯರ್ ಸೀರೀಸ್. ಅಲ್ಲಿ ಗುಣಾಂಕ ಕಂಡುಹಿಡಿಯಲು ಪ್ರತಿ ಲೆಕ್ಕದಲ್ಲೂ ಇಂಟಿಗ್ರೇಷನ್ ಮಾಡಲೇಬೇಕು. ಇತ್ತ ಅಡಿಷನಲ್ ಮ್ಯಾಥಮೆಟಿಕ್ಸಿನಲ್ಲಿ ಇಂಟಿಗ್ರೇಷನ್ ಬರುತ್ತಿದ್ದದ್ದು ನಾಲ್ಕನೇ ಮಾಡ್ಯೂಲಿನಲ್ಲಿ! ಅದಕ್ಕೂ ಮುಂಚೆ ಕಾಂಪ್ಲೆಕ್ಸ್ ಸಂಖ್ಯೆ, ವೆಕ್ಟರ್, ಡಿಫರೆನ್ಷಿಯೇಷನ್. ಬ್ರಿಡ್ಜ್ ಕಟ್ಟಿ ಮುಗಿಯುವಷ್ಟರಲ್ಲಿ ಮುಖ್ಯ ಪಾಠ ಆ ಜಾಗ ದಾಟಿ ಮುಂದೆ ಹೋಗಿರುತ್ತಿತ್ತು.

ಆದ್ದರಿಂದ ಲ್ಯಾಟರಲ್ ಎಂಟ್ರಿಯವರಿಗೆ ಕೊಡಬಹುದಾದ ಅತಿ ಮುಖ್ಯ ಸಲಹೆ ಇದು: ಬ್ರಿಡ್ಜ್ ಪತ್ರಿಕೆಯನ್ನು ಸಿಲಬಸ್ಸಿನ ಕ್ರಮದಲ್ಲಿ ಓದಬೇಡಿ, ಮುಖ್ಯ ಪತ್ರಿಕೆ ಕೇಳುವ ಕ್ರಮದಲ್ಲಿ ಓದಿ. ಸೀಟು ಅಲಾಟ್ ಆದ ದಿನದಿಂದ ಕ್ಲಾಸು ಶುರುವಾಗುವವರೆಗೆ ಸಿಗುವ ಬಿಡುವಿನಲ್ಲಿ ಇಂಟಿಗ್ರೇಷನ್ ಮುಗಿಸಿಕೊಳ್ಳಿ. ಸೆಕೆಂಡ್ ಪಿಯುಸಿಯ ಎನ್‌ಸಿಇಆರ್‌ಟಿ ಗಣಿತ ಪುಸ್ತಕದ ಎರಡನೇ ಭಾಗದಲ್ಲಿ ಆ ಅಧ್ಯಾಯ ಇದೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರಾಕ್ಷನ್ ಈ ಎರಡರ ಲೆಕ್ಕಗಳನ್ನು ಕೈ ಪಳಗುವಷ್ಟು ಮಾಡಿ. ಸ್ಕೀಮು ಆಗಾಗ ಬದಲಾಗುತ್ತದೆ, ಆದ್ದರಿಂದ ನಿಮ್ಮ ಬ್ಯಾಚಿನ ಸ್ಕೀಮು ಮತ್ತು ಸಿಲಬಸ್ಸನ್ನು ವಿಶ್ವವಿದ್ಯಾಲಯದ ವೆಬ್‌ಸೈಟಿನಿಂದಲೇ ಇಳಿಸಿಕೊಂಡು, ಯಾವ ಪತ್ರಿಕೆಗೆ ಎಷ್ಟು ಕ್ರೆಡಿಟ್, ಪದವಿಗೆ ಯಾವುದು ಕಡ್ಡಾಯ ಎಂಬುದನ್ನು ಕಣ್ಣಾರೆ ಓದಿಕೊಳ್ಳಿ. ಸೀನಿಯರ್ ಹೇಳಿದ್ದು ಅವರ ಸ್ಕೀಮಿನ ಮಾತು.

ತಪ್ಪು ಎಲ್ಲಿದೆ ಎಂದು ಹುಡುಕುವುದು

ನಮ್ಮ ಸರ್ಕಾರಿ ಶಾಲೆಗಳಲ್ಲಿ ಜೂನ್ ಬಂತೆಂದರೆ ‘ಸೇತುಬಂಧ’ ನಡೆಯುತ್ತದೆ. ಮೊದಲು ನೈದಾನಿಕ ಪರೀಕ್ಷೆ: ಹಿಂದಿನ ತರಗತಿಯ ಯಾವ ಸಾಮರ್ಥ್ಯ ಮಗುವಿಗೆ ಬಂದಿಲ್ಲ ಎಂದು ಪತ್ತೆ ಹಚ್ಚಲು. ಆಮೇಲೆ ಅಷ್ಟಕ್ಕೇ ಪರಿಹಾರ ಬೋಧನೆ, ಕೊನೆಗೆ ಸಾಫಲ್ಯ ಪರೀಕ್ಷೆ. ಎಷ್ಟೋ ಶಾಲೆಗಳಲ್ಲಿ ಇದು ದಾಖಲೆ ತುಂಬುವ ಕೆಲಸವಾಗಿಬಿಟ್ಟಿದೆ ಎಂಬ ಬೇಸರ ಶಿಕ್ಷಕರಲ್ಲೇ ಇದೆ. ಆದರೂ ಆ ಕ್ರಮ ಬಹಳ ಒಳ್ಳೆಯದು. ಕಾಲೇಜು ಮಾಡಿಸದಿದ್ದರೆ ನಿಮಗೆ ನೀವೇ ಮಾಡಿಕೊಳ್ಳಬಹುದು.

ಒಂದು ಲೆಕ್ಕ ತೆಗೆದುಕೊಳ್ಳಿ. ಒಂದನ್ನು, ಎಕ್ಸ್ ವರ್ಗ ಮೈನಸ್ ಐದು ಎಕ್ಸ್ ಪ್ಲಸ್ ಆರರಿಂದ ಭಾಗಿಸಿ ಬರುವುದನ್ನು ಇಂಟಿಗ್ರೇಟ್ ಮಾಡಬೇಕು. ಕ್ಲಾಸಿನಲ್ಲಿ ಲೆಕ್ಚರರ್ ನಾಲ್ಕೇ ಸಾಲಿನಲ್ಲಿ ಮುಗಿಸಿದರು, ನಿಮಗೆ ಹೊಳೆಯಲಿಲ್ಲ. ಈಗ ಆ ನಾಲ್ಕು ಸಾಲನ್ನು ಒಂದೊಂದಾಗಿ ನೋಡಿ. ಛೇದವನ್ನು ಎಕ್ಸ್ ಮೈನಸ್ 2, ಎಕ್ಸ್ ಮೈನಸ್ 3 ಎಂದು ಅಪವರ್ತಿಸಿದ್ದು ಹೈಸ್ಕೂಲಿನ ಕೆಲಸ. ಆ ಒಂದು ಭಿನ್ನರಾಶಿಯನ್ನು ಎರಡು ಭಿನ್ನರಾಶಿಗಳ ವ್ಯತ್ಯಾಸವಾಗಿ ಒಡೆದದ್ದು, ಛೇದ ಸಮ ಮಾಡಿ ಕೂಡುವ ಕಳೆಯುವ ಕ್ರಮವನ್ನೇ ಹಿಂದುಮುಂದಾಗಿ ಬಳಸಿದ್ದು. ಒಂದೊಂದು ಭಾಗಕ್ಕೂ ಲಾಗ್ ಬರೆದದ್ದು ಪಿಯುಸಿ ಸೂತ್ರ. ಕೊನೆಗೆ ಎರಡು ಲಾಗ್‌ಗಳ ವ್ಯತ್ಯಾಸವನ್ನು ಭಾಗಾಕಾರದ ಒಂದೇ ಲಾಗ್ ಮಾಡಿದ್ದೂ ಪಿಯುಸಿಯದೇ. ಬಿಇಗೆ ಮಾತ್ರ ಸೇರಿದ ಹೊಸ ವಿಷಯ ಈ ಲೆಕ್ಕದಲ್ಲಿ ಒಂದೂ ಇಲ್ಲ.

“ನನಗೆ ಇಂಟಿಗ್ರೇಷನ್ ಬರಲ್ಲ” ಎಂದರೆ ಅದಕ್ಕೆ ಮದ್ದಿಲ್ಲ. “ನನಗೆ ಎರಡನೇ ಸಾಲು ಬರಲ್ಲ” ಎಂದರೆ ಒಂದು ಸಂಜೆಯ ಕೆಲಸ. ಮೊದಲ ವಾರಗಳಲ್ಲಿ ಪ್ರತಿ ವಿಷಯದಲ್ಲೂ ಬಿಡಿಸಲಾಗದ ಲೆಕ್ಕಗಳನ್ನು ಹೀಗೆ ಸಾಲು ಸಾಲಾಗಿ ಒಡೆದು, ಎಲ್ಲಿ ನಿಂತಿತೋ ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಕೆಲವು ಲೆಕ್ಕಗಳಾಗುವಷ್ಟರಲ್ಲಿ ಅದೇ ಎರಡು ಮೂರು ಕೊರತೆಗಳು ಮತ್ತೆ ಮತ್ತೆ ಕಾಣಿಸತೊಡಗುತ್ತವೆ: ಭಿನ್ನರಾಶಿ, ಘಾತಾಂಕದ ನಿಯಮ, ತ್ರಿಕೋನಮಿತಿಯ ಸೂತ್ರಗಳು, ಏಕಮಾನಗಳ ಪರಿವರ್ತನೆ. ಆ ಪಟ್ಟಿ ಹಿಡಿದು ಮೇಷ್ಟ್ರ ಬಳಿ ಹೋಗಿ. “ಸಾರ್, ನನಗೆ ಏನೂ ಅರ್ಥ ಆಗ್ತಿಲ್ಲ” ಎಂಬ ಹುಡುಗನಿಗೆ ಏನು ಹೇಳಿಕೊಡಬೇಕೆಂದು ಮೇಷ್ಟ್ರಿಗೂ ತೋಚುವುದಿಲ್ಲ. ಗೆರೆ ಎಳೆದ ನೋಟ್‌ಬುಕ್ ಮುಂದಿಟ್ಟರೆ ಸ್ಟಾಫ್ ರೂಮಿನಲ್ಲೇ ಐದು ನಿಮಿಷದಲ್ಲಿ ಬಿಡಿಸಿ ತೋರಿಸುತ್ತಾರೆ.

ಇಂಗ್ಲಿಷಿನ ತೊಡಕು

ಕನ್ನಡ ಮಾಧ್ಯಮದ ಮಕ್ಕಳಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ಇಂಗ್ಲಿಷ್ ಪೇಪರ್ ಓದು, ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರು. ಅದರಿಂದ ಕೆಡುಕೇನೂ ಇಲ್ಲ, ಆದರೆ ಫಿಸಿಕ್ಸ್ ಪರೀಕ್ಷೆಗೆ ಅದು ಬಹಳ ಸುತ್ತು ದಾರಿ. ಹತ್ತಿರದ ದಾರಿ ಬೇರೆ ಇದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಒಂಬತ್ತು, ಹತ್ತನೇ ತರಗತಿಯ ವಿಜ್ಞಾನ ಮತ್ತು ಗಣಿತ ಪುಸ್ತಕಗಳು ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮದಲ್ಲಿವೆ. ಅವೇ ಅಧ್ಯಾಯ, ಅವೇ ಚಿತ್ರ, ಅವೇ ಅಭ್ಯಾಸದ ಲೆಕ್ಕಗಳು. ಎರಡನ್ನೂ ಇಳಿಸಿಕೊಂಡು ಅಕ್ಕಪಕ್ಕ ತೆರೆದಿಟ್ಟುಕೊಳ್ಳಿ.

ವಿದ್ಯುಚ್ಛಕ್ತಿಯ ಅಧ್ಯಾಯವನ್ನೇ ನೋಡಿ. ವಿಭವಾಂತರ, ರೋಧ, ಸರಣಿ ಜೋಡಣೆ, ಸಮಾಂತರ ಜೋಡಣೆ ಎಂದು ನೀವು ಚೆನ್ನಾಗಿ ಕಲಿತದ್ದೇ ಪಕ್ಕದ ಪುಟದಲ್ಲಿ ಪೊಟೆನ್ಷಿಯಲ್ ಡಿಫರೆನ್ಸ್, ರೆಸಿಸ್ಟೆನ್ಸ್, ಸೀರೀಸ್, ಪ್ಯಾರಲಲ್ ಎಂದಿರುತ್ತದೆ. ಬರೀ ಪದಗಳ ಪಟ್ಟಿ ಮಾಡಿಕೊಂಡರೆ ಸಾಲದು. ವಾಕ್ಯಗಳನ್ನು ಬರೆದುಕೊಳ್ಳಿ, ಏಕೆಂದರೆ ಪರೀಕ್ಷೆಯಲ್ಲಿ ಕೈಕೊಡುವುದು ವಾಕ್ಯ. ಓಮನ ನಿಯಮವನ್ನು ಕನ್ನಡ ಪುಸ್ತಕದಲ್ಲಿ ಓದಿ, ಇಂಗ್ಲಿಷ್ ಪುಸ್ತಕ ಮುಚ್ಚಿಟ್ಟು ನಿಮ್ಮದೇ ಇಂಗ್ಲಿಷಿನಲ್ಲಿ ಬರೆಯಿರಿ, ಆಮೇಲೆ ತೆರೆದು ಹೋಲಿಸಿ. ದಿನಕ್ಕೆ ಎರಡು ವ್ಯಾಖ್ಯೆ, ಒಂದು ‘ಕಾರಣ ಕೊಡಿ’ ಸಾಕು. ವಿಷಯ ನಿಮಗೆ ಗೊತ್ತಿರುವುದೇ ಆದ್ದರಿಂದ ಗಮನವೆಲ್ಲ ಭಾಷೆಯ ಮೇಲೆ ನಿಲ್ಲುತ್ತದೆ. ಹೊಸ ವಿಷಯ, ಹೊಸ ಭಾಷೆ ಎರಡನ್ನೂ ಒಂದೇ ಸಲ ಹೊರುವ ಭಾರ ತಪ್ಪುತ್ತದೆ.

ಕ್ಲಾಸಿನಲ್ಲಿ ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ. ಸಂಕೋಚ ಬೇಡ. ಉತ್ತರ ಇಂಗ್ಲಿಷಿನಲ್ಲಿ ಬಂದರೂ ಪ್ರಶ್ನೆ ನಿಮ್ಮದೇ ಆಗಿರುವುದರಿಂದ ಅರ್ಥವಾಗುತ್ತದೆ. ಸಿ, ಪೈಥಾನ್ ಮುಂತಾದವಕ್ಕೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಕನ್ನಡ ಧ್ವನಿಯ ಪಾಠಗಳಿವೆ. ಶಾಲಾ ಗಣಿತಕ್ಕೆ ಖಾನ್ ಅಕಾಡೆಮಿಯ ಕನ್ನಡ ವಿಡಿಯೋಗಳಿವೆ. ಎಂಜಿನಿಯರಿಂಗ್ ಮೊದಲ ವರ್ಷದ ಕೆಲವು ಪುಸ್ತಕಗಳನ್ನು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಕನ್ನಡಕ್ಕೆ ತರಿಸಿ ಇ-ಕುಂಭ್ ಪೋರ್ಟಲಿನಲ್ಲಿ ಉಚಿತವಾಗಿ ಇಟ್ಟಿದೆ. ಇವೆಲ್ಲ ವಿಷಯ ತಿಳಿಯಲು. ಬರೆಯುವ ಅಭ್ಯಾಸಕ್ಕೆ ಆ ಎರಡು ಪುಸ್ತಕದ ಉಪಾಯವೇ ಮೇಲು.

ಬಿಎ, ಬಿಕಾಂ ಓದುವವರ ಸ್ಥಿತಿ ಸ್ವಲ್ಪ ಹಗುರ. ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ಕನ್ನಡದಲ್ಲೇ ಉತ್ತರ ಬರೆಯಬಹುದು. ನಿಮ್ಮಲ್ಲಿ ಆ ಅವಕಾಶ ಇದೆಯೇ ಎಂದು ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ.

ಅಮೆರಿಕ ಕಲಿತ ಪಾಠ

ಕೊರತೆಯನ್ನು ಮೊದಲು ಪೂರ್ತಿ ತುಂಬಿಸಿ, ಆಮೇಲೆ ಮುಖ್ಯ ಪಾಠಕ್ಕೆ ಬಿಡುವುದು ಸರಿಯೋ, ಮುಖ್ಯ ಪಾಠದ ಜೊತೆಜೊತೆಗೇ ತುಂಬುವುದು ಸರಿಯೋ? ಅಮೆರಿಕದ ಕಮ್ಯುನಿಟಿ ಕಾಲೇಜುಗಳು ದಶಕಗಳ ಕಾಲ ಮೊದಲನೆಯದನ್ನೇ ಮಾಡಿದವು. ಸೇರುವಾಗ ಒಂದು ಪ್ಲೇಸ್‌ಮೆಂಟ್ ಟೆಸ್ಟ್, ಅದರಲ್ಲಿ ಕಡಿಮೆ ಬಂದರೆ ಡೆವಲಪ್‌ಮೆಂಟಲ್ ಕೋರ್ಸು. ಗಣಿತದಲ್ಲಿ ಇದು ಎರಡು ಮೂರು ಹಂತಗಳವರೆಗೂ ಇರುತ್ತಿತ್ತು, ಹಂತಕ್ಕೊಂದು ಸೆಮಿಸ್ಟರ್. ಫೀಸು ಪೂರ್ತಿ, ಪದವಿಗೆ ಸೇರುವ ಕ್ರೆಡಿಟ್ ಇಲ್ಲ. ಹಂತದಿಂದ ಹಂತಕ್ಕೆ ಹೋಗುವಾಗಲೆಲ್ಲ ಒಂದಷ್ಟು ಮಕ್ಕಳು ಬಿಟ್ಟುಹೋಗುತ್ತಿದ್ದರು. ಪಾಸಾದವರೂ ಮುಂದಿನ ಹಂತಕ್ಕೆ ಹೆಸರು ನೋಂದಾಯಿಸುತ್ತಿರಲಿಲ್ಲ. ಕಾಲೇಜು ಮಟ್ಟದ ಗಣಿತವನ್ನು ಮುಟ್ಟುವ ಮುಂಚೆಯೇ ಅವರ ಓದು ಮುಗಿದುಹೋಗುತ್ತಿತ್ತು.

ಮೇರಿಲ್ಯಾಂಡಿನ ಬಾಲ್ಟಿಮೋರ್ ಕೌಂಟಿ ಕಮ್ಯುನಿಟಿ ಕಾಲೇಜಿನಲ್ಲಿ ಪೀಟರ್ ಆ್ಯಡಮ್ಸ್ ಎಂಬ ಇಂಗ್ಲಿಷ್ ಅಧ್ಯಾಪಕರು 2007ರಲ್ಲಿ ಇನ್ನೊಂದು ದಾರಿ ಹಿಡಿದರು. ಬರವಣಿಗೆಯಲ್ಲಿ ಹಿಂದಿದ್ದವರನ್ನೂ ನೇರವಾಗಿ ಮೊದಲ ವರ್ಷದ ಇಂಗ್ಲಿಷ್ ತರಗತಿಗೇ ಕೂರಿಸಿ, ಅದೇ ಅಧ್ಯಾಪಕರಿಂದ ಅವರಿಗಷ್ಟೇ ಇನ್ನೊಂದು ಸಣ್ಣ ತರಗತಿ ಕೊಡಿಸಿದರು. ಮುಖ್ಯ ತರಗತಿಯಲ್ಲಿ ಸಿಕ್ಕಿಹಾಕಿಕೊಂಡದ್ದನ್ನು ಇಲ್ಲಿ ಬಿಡಿಸಿಕೊಳ್ಳುವುದು. ಮುಂದೆ ಟೆನ್ನೆಸೀ, ಟೆಕ್ಸಾಸ್ ಮುಂತಾದ ರಾಜ್ಯಗಳು ಇದೇ ಬಗೆಯ ಏರ್ಪಾಡಿಗೆ ಬದಲಾದವು. ಕ್ಯಾಲಿಫೋರ್ನಿಯಾ 2017ರಲ್ಲಿ ಕಾನೂನೇ ಮಾಡಿತು: ಒಂದು ಟೆಸ್ಟಿನ ಅಂಕ ನೋಡಿ ಮಕ್ಕಳನ್ನು ಕೆಳಗಿನ ಕೋರ್ಸಿಗೆ ತಳ್ಳುವಂತಿಲ್ಲ, ಹೈಸ್ಕೂಲಿನ ಸಾಧನೆಯನ್ನು ಪರಿಗಣಿಸಬೇಕು, ಒಂದು ವರ್ಷದೊಳಗೆ ಅವರು ಕಾಲೇಜು ಮಟ್ಟದ ಗಣಿತ, ಇಂಗ್ಲಿಷ್ ಮುಗಿಸುವ ಸಾಧ್ಯತೆ ಹೆಚ್ಚುವಂತೆ ನೋಡಿಕೊಳ್ಳಬೇಕು.

ಅಲ್ಲಿ ನೆಲೆಸಿರುವ ಕನ್ನಡಿಗ ಕುಟುಂಬಗಳಿಗೂ ಇದು ಬೇಕಾದ ಮಾಹಿತಿ. ಮಗಳೋ, ಇಲ್ಲಿಂದ ಹೋದ ಸೊಸೆಯೋ ಕಮ್ಯುನಿಟಿ ಕಾಲೇಜು ಸೇರುವಾಗ ಪ್ಲೇಸ್‌ಮೆಂಟ್ ಟೆಸ್ಟನ್ನು ತಯಾರಿಯಿಲ್ಲದೆ ಬರೆಯಲು ಬಿಡಬೇಡಿ. ಹಳೆಯ ಅಂಕಪಟ್ಟಿ ತೋರಿಸಿ ನೇರ ತರಗತಿಗೆ ಹೋಗಬಹುದೇ, ಜೊತೆಗೆ ಸಹಾಯದ ತರಗತಿ ಇದೆಯೇ ಎಂದು ಕೌನ್ಸೆಲರನ್ನು ಕೇಳಿ. ಫೆಡರಲ್ ನೆರವು ಪಡೆಯುವವರಿಗೆ ರೆಮೆಡಿಯಲ್ ಕೋರ್ಸುಗಳ ಮೇಲೆ 30 ಸೆಮಿಸ್ಟರ್ ಕ್ರೆಡಿಟ್ಟಿನ ಮಿತಿ ಇದೆ. ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಲಿಸುವ ಕೋರ್ಸುಗಳು ಆ ಮಿತಿಗೆ ಸೇರುವುದಿಲ್ಲ.

ಹಾಗಂತ ಇಡೀ ವರ್ಷ ತಯಾರಿಗೆ ಕೊಡುವುದು ಎಲ್ಲ ಕಡೆಯೂ ದಂಡ ಎಂದಲ್ಲ. ನಮ್ಮ ಐಐಟಿಗಳ ಪ್ರಿಪರೇಟರಿ ಕೋರ್ಸ್ ಅಂಥದ್ದು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಮತ್ತು ಅಂಗವಿಕಲರ ಮೀಸಲು ಸೀಟುಗಳು ಉಳಿದಾಗ, ಜೆಇಇ ಅಡ್ವಾನ್ಸ್ಡ್‌ನಲ್ಲಿ ಕಟಾಫ್ ಮುಟ್ಟದಿದ್ದರೂ ಅದಕ್ಕಿಂತ ಕೆಳಗಿನ ಒಂದು ಮಿತಿಯೊಳಗೆ ಬಂದವರಿಗೆ ಪ್ರತ್ಯೇಕ ರ‍್ಯಾಂಕ್ ಪಟ್ಟಿ ಮಾಡುತ್ತಾರೆ. ಒಂದು ವರ್ಷ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಇಂಗ್ಲಿಷ್ ಓದಿ ಪಾಸಾದರೆ, ಜೆಇಇ ಮತ್ತೆ ಬರೆಯದೆ ಮುಂದಿನ ವರ್ಷ ಬಿ.ಟೆಕ್‌ಗೆ ಪ್ರವೇಶ. ವ್ಯತ್ಯಾಸ ಏನೆಂದರೆ ಇಲ್ಲಿ ಹಂತದ ಮೇಲೆ ಹಂತ ಇಲ್ಲ, ವರ್ಷದ ಆಚೆಗೆ ಸೀಟು ಕಾದಿರುತ್ತದೆ. ಈ ದಾರಿ ಇದೆಯೆಂಬುದೇ ನಮ್ಮ ಎಷ್ಟೋ ಊರುಗಳ ಮಕ್ಕಳಿಗೆ ಗೊತ್ತಿಲ್ಲ. ಮೀಸಲು ವರ್ಗದ ಪಟ್ಟಿಯಲ್ಲಿ ಹೆಸರಿಲ್ಲವೆಂದು ಕಂಪ್ಯೂಟರ್ ಮುಚ್ಚುವ ಮುಂಚೆ ಪ್ರಿಪರೇಟರಿ ರ‍್ಯಾಂಕ್ ಬಂದಿದೆಯೇ ಎಂದು ನೋಡಿ. ಬಂದಿದ್ದರೆ ಕೌನ್ಸೆಲಿಂಗ್‌ನಲ್ಲಿ ಪಾಲ್ಗೊಂಡು ಆಯ್ಕೆಗಳನ್ನು ತುಂಬಲೇಬೇಕು.

ಕಾಲೇಜನ್ನು ಕೇಳುವುದು ಹೇಗೆ

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಗೆ ಹೋಗುವ ಕಾಲೇಜುಗಳು, ಹೊಸ ವಿದ್ಯಾರ್ಥಿಗಳ ಕಲಿಕಾ ಮಟ್ಟವನ್ನು ಅಳೆದು ಹಿಂದುಳಿದವರಿಗೆ ಏನು ವಿಶೇಷ ಏರ್ಪಾಡು ಮಾಡಿದ್ದೇವೆ ಎಂದು ತಮ್ಮ ವರದಿಯಲ್ಲಿ ಹೇಳಿಕೊಳ್ಳುತ್ತಾ ಬಂದಿವೆ. ಆ ಸ್ವಯಂ ಅಧ್ಯಯನ ವರದಿ ಬಹುಪಾಲು ಕಾಲೇಜಿನ ವೆಬ್‌ಸೈಟಿನಲ್ಲೇ ಇರುತ್ತದೆ. ಅದರಲ್ಲಿ ಬ್ರಿಡ್ಜ್ ಕೋರ್ಸ್ ನಡೆಸುತ್ತೇವೆ ಎಂದಿದ್ದರೆ ನಿಮಗೂ ಅದು ಸಿಗಬೇಕು. ಎಂಜಿನಿಯರಿಂಗ್ ಕಾಲೇಜುಗಳಿಗೆ ಎಐಸಿಟಿಇ ಹೇಳಿರುವ ಮೂರು ವಾರದ ಇಂಡಕ್ಷನ್ ಕಾರ್ಯಕ್ರಮದಲ್ಲೂ ಇಂಗ್ಲಿಷ್, ಕಂಪ್ಯೂಟರ್ ಬಳಕೆಯಂಥ ಕೊರತೆಗಳನ್ನು ತುಂಬುವ ಭಾಗ ಇದೆ. ಭಾಷಣ, ಸಾಂಸ್ಕೃತಿಕ ಕಾರ್ಯಕ್ರಮಗಳ ನಡುವೆ ಅದು ಕಳೆದುಹೋಗುತ್ತಿದ್ದರೆ ನಾಲ್ಕೈದು ಮಂದಿ ಸೇರಿ ಎಚ್‌ಒಡಿಯನ್ನು ಕಾಣಿ. ಒಬ್ಬರೇ ಹೋದರೆ ದೂರಿನಂತೆ ಕಾಣುತ್ತದೆ, ಗುಂಪಾಗಿ ಹೋಗಿ ಇಂಥ ವಿಷಯದ ಇಂಥ ಭಾಗಕ್ಕೆ ಸಂಜೆ ಒಂದು ಗಂಟೆ ತರಗತಿ ಬೇಕು ಎಂದು ಕೇಳಿದರೆ ಇಲ್ಲ ಅನ್ನುವುದು ಕಷ್ಟ.

ಕೊಡುವ ಬ್ರಿಡ್ಜ್ ಕೋರ್ಸು ಒಳ್ಳೆಯದೋ ಅಲ್ಲವೋ ತಿಳಿಯಲು ಎರಡು ಪ್ರಶ್ನೆ ಸಾಕು. ಶುರುವಿನಲ್ಲಿ ಯಾರಿಗೆ ಏನು ಬರುವುದಿಲ್ಲ ಎಂದು ಪರೀಕ್ಷೆ ಮಾಡುತ್ತಾರೆಯೇ? ಕಲಿಸುವುದು ಮುಂದಿನ ವಾರದ ಮುಖ್ಯ ಪಾಠಕ್ಕೆ ಹೊಂದುತ್ತದೆಯೇ? ಎರಡಕ್ಕೂ ಇಲ್ಲ ಎಂದಾದರೆ, ಅದು ಸಾವಿರಾರು ರೂಪಾಯಿ ಕೇಳುವ ಖಾಸಗಿ ಕ್ರ್ಯಾಶ್ ಕೋರ್ಸೇ ಆಗಿರಲಿ, ಅದಕ್ಕಿಂತ ಲೆಸನ್ ಪ್ಲಾನ್ ಎದುರಿಗಿಟ್ಟುಕೊಂಡು ನೀವೇ ಓದುವುದು ಲೇಸು. ವಾರದ ಕೊನೆಗೆ ಮುಂದಿನ ವಾರ ಏನು ಪಾಠ ಎಂದು ನೋಡಿ, ಅದಕ್ಕೆ ಬೇಕಾದ ಹಳೆಯ ವಿಷಯ ಯಾವುದು ಎಂದು ಪಟ್ಟಿ ಮಾಡಿ, ಶನಿವಾರ ಭಾನುವಾರ ಅಷ್ಟನ್ನು ಮಾತ್ರ ಮುಗಿಸಿ. ಇಡೀ ಪಿಯುಸಿ ಪುಸ್ತಕವನ್ನು ಮೊದಲಿನಿಂದ ಓದಲು ಹೊರಟವರು ಎರಡನೇ ಅಧ್ಯಾಯದಲ್ಲೇ ಸೋತು ಕೂರುತ್ತಾರೆ.

ತಂದೆ ತಾಯಿಗಳಲ್ಲಿ ಒಂದು ಕೋರಿಕೆ. ಮಗ ರೆಮೆಡಿಯಲ್ ಕ್ಲಾಸಿಗೆ ಹೋಗುತ್ತಾನೆ ಎಂದರೆ ಮಾನ ಹೋಯಿತು ಎಂದುಕೊಳ್ಳಬೇಡಿ, ನೆಂಟರ ಮುಂದೆ ಅದನ್ನು ಮುಚ್ಚಿಡಲೂ ಬೇಡಿ. ಫೋನಿನಲ್ಲಿ ಎಷ್ಟು ಮಾರ್ಕ್ಸ್ ಬಂತು ಎಂದು ಕೇಳುವ ಬದಲು ಈ ವಾರ ಯಾವುದು ಅರ್ಥವಾಗಲಿಲ್ಲ, ಯಾರನ್ನು ಕೇಳಿದೆ ಎಂದು ಕೇಳಿ. ನಿಮಗೆ ಆ ವಿಷಯ ತಿಳಿಯದಿದ್ದರೂ ಪರವಾಗಿಲ್ಲ. ಬಾಯಿಬಿಟ್ಟು ಹೇಳುವ ಅಭ್ಯಾಸ ಅವರಿಗೆ ಮನೆಯಿಂದಲೇ ಬರಬೇಕು.

ಇನ್ನು ಸೊನ್ನೆ ಕ್ರೆಡಿಟ್ಟಿನ ಪತ್ರಿಕೆಯನ್ನು ಈಗಾಗಲೇ ಬಾಕಿ ಉಳಿಸಿಕೊಂಡು ಐದನೇ, ಆರನೇ ಸೆಮಿಸ್ಟರಿಗೆ ಬಂದಿರುವವರಿಗೆ. ಮೊದಲು ಗ್ರೇಡ್ ಕಾರ್ಡ್ ತೆಗೆದು, ನಿಂತದ್ದು ಇಂಟರ್ನಲ್ಸಿನಲ್ಲೋ ಪರೀಕ್ಷೆಯಲ್ಲೋ ನೋಡಿ. ಇಂಟರ್ನಲ್ಸಿನಲ್ಲಿ ಶೇ 40 ಬಾರದೆ ನಿಂತಿದ್ದರೆ ಪರೀಕ್ಷಾ ಶುಲ್ಕ ಕಟ್ಟಿದ ಮಾತ್ರಕ್ಕೆ ಆಗುವುದಿಲ್ಲ. ಮುಂದಿನ ಸೆಮಿಸ್ಟರಿನಲ್ಲಿ ಆ ಅಂಕವನ್ನು ಮತ್ತೆ ಗಳಿಸಬೇಕಾಗುತ್ತದೆ, ಅದಕ್ಕೆ ಗಣಿತ ವಿಭಾಗದಲ್ಲಿ ಈಗಲೇ ಕೇಳಿ ಹೆಸರು ಬರೆಸಿ. ಪರೀಕ್ಷೆಯಲ್ಲಿ ಮಾತ್ರ ನಿಂತಿದ್ದರೆ ಹಿಂದಿನ ಪ್ರಶ್ನೆಪತ್ರಿಕೆಗಳನ್ನು ಒಟ್ಟುಮಾಡಿ ಮಾಡ್ಯೂಲುವಾರು ಬಿಡಿಸುತ್ತಾ ಹೋಗಿ. ಏಳನೇ ಸೆಮಿಸ್ಟರಿನ ಪ್ಲೇಸ್‌ಮೆಂಟ್ ಓಡಾಟ ಶುರುವಾಗುವ ಮುಂಚಿನ ಪರೀಕ್ಷೆಯಲ್ಲೇ ಅದನ್ನು ಮುಗಿಸಿಕೊಳ್ಳಿ.